ತಿಪ್ಪೇರುದ್ರ ಮೇಷ್ಟ್ರ ‘ಬಹುಧ್ರುವತೆ’

ಮೇಷ್ಟ್ರ ದೊಡ್ಡತನವನ್ನು ಬರೆದು ತನ್ನ ಸಣ್ಣತನವನ್ನು ಬಿಟ್ಟರೆ ಅದು ಅಭಿನಂದನೆಯಾದೀತೇ? ಅಭಿನಂದನಾ ಬರಹಕ್ಕೆಂದು ಇಮ್ರಾನ್ ಮೂರು ದಿನದಿಂದ ಖಾಲಿ ಹಾಳೆಯ ಮುಂದೆ ಕೂತಿದ್ದ. ಚಳ್ಳಕೆರೆಯಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಶ್ರೀ ತಿಪ್ಪೇರುದ್ರ ಅವರು, ದೂರದ ರಾಜಧಾನಿಗಳಲ್ಲಿ ಹುಟ್ಟುವ ಪದಗಳನ್ನು ಈ ಸೀಮೆಯ ಮಕ್ಕಳ ನಾಲಿಗೆಗೆ ತಂದವರು ಎಂದು ಬರೆಯುವುದು ಸುಲಭವಿತ್ತು. ಅದು ನಿಜವೂ ಆಗಿತ್ತು.

ಅವರದೊಂದು ಪದ್ಧತಿ. ಕಾಲೇಜಿನ ಹೊರಗಿನ ಮೂವರು ತಮ್ಮದೇ ಮಾತಿನಲ್ಲಿ ವಿವರಿಸುವವರೆಗೆ ಯಾವ ಪದವನ್ನೂ ಅವರು ತಾವು ಬರೆಯುತ್ತಿದ್ದ ರಾಜ್ಯಶಾಸ್ತ್ರದ ಪದಕೋಶಕ್ಕೆ ಸೇರಿಸುತ್ತಿರಲಿಲ್ಲ. ಏಳು ವರ್ಷದ ಹಿಂದೆ, ಇಮ್ರಾನ್ ಅವರ ವಿದ್ಯಾರ್ಥಿಯಾಗಿದ್ದಾಗ, ‘ಬಹುಧ್ರುವತೆ’ಯನ್ನು ಹಿಡಿದು ಅವನ ತಂದೆ ಶರೀಫ್ ಸಾಬರ ಗ್ಯಾರೇಜಿಗೆ ಬಂದರು. ಜಗತ್ತಿನ ಬಲ ಒಂದೆರಡು ದೇಶಗಳ ಕೈಯಿಂದ ಜಾರಿ ಹಲವು ದೇಶಗಳಿಗೆ ಹಂಚಿಹೋಗುತ್ತಿರುವುದನ್ನು ವಿವರಿಸಿದರು. ಶರೀಫ್ ಸಾಬ್ ಕೈಯ ಗ್ರೀಸು ಒರೆಸುತ್ತ ನಕ್ಕರು.

“ಸ್ಪೇರ್ ಪಾರ್ಟ್ಸ್ ಥರ ಐತಲ್ಲ ಸಾರ್. ಮೊದ್ಲು ಒಂದೇ ಅಂಗಡಿ, ಈಗ ನಾಕು. ಇಲ್ಲಿ ಕೊಡ್ಲಿಲ್ಲ ಅಂದ್ರೆ ಅಲ್ಲಿಗೆ ಹೋಗ್ತೀನಿ. ಆದ್ರೆ ರೇಟು ಹೇಳೋರು ಅವ್ರೇ, ನಾನಲ್ರಿ.”

“ಸಾಬ್ರೇ, ನನ್ ಕ್ಲಾಸು ನೀವೇ ತಗೋರಿ. ಸ್ಕೂಟರ್ ನಾನ್ ಬಿಚ್ತೀನಿ.”

“ಬ್ಯಾಡ ಸಾರ್, ನೀವ್ ಬಿಚ್ಚಿದ್ದನ್ನ ಜೋಡ್ಸೋರ್ ಯಾರು?”

ಇನ್ನಿಬ್ಬರಿಂದಲೂ ಕೇಳಿದ ಮೇಲೆ ಮೇಷ್ಟ್ರು ‘ಅಧಿಕಾರದ ಕೇಂದ್ರಗಳು ಹಲವಾಗಿರುವ ವ್ಯವಸ್ಥೆ’ ಎಂದು ಬರೆದರು. ಅಚ್ಚಿಗೆ ಹೋಗುವ ಶುದ್ಧಪ್ರತಿ ಮಾಡುವ ಕೆಲಸ ಇಮ್ರಾನನ ಪಾಲಿಗೆ ಬಂತು. ಜಗತ್ತು ಕನಸಿನಂತೆ ತೆರೆದುಕೊಳ್ಳುತ್ತಿದ್ದ ವಯಸ್ಸು. ಆ ವಾಕ್ಯದ ನಡುವೆ ‘ಎಲ್ಲ ದೇಶಗಳೂ ಸಮಾನವಾಗಿರುವ’ ಎಂಬ ಮಾತನ್ನು ಅವನು ತಾನಾಗಿ ಸೇರಿಸಿಬಿಟ್ಟ.

ಮೊಳಕಾಲ್ಮೂರಿನ ವಿಚಾರ ಸಂಕಿರಣದಲ್ಲಿ ಅತಿಥಿಯೊಬ್ಬರು ಅಚ್ಚಾದ ಆ ಸಾಲನ್ನು ಗಟ್ಟಿಯಾಗಿ ಓದಿದರು. “ನಾಲ್ವರು ಬಲಿತ ಮಾತ್ರಕ್ಕೆ ಉಳಿದವರು ಸಮಾನರಾಗುತ್ತಾರೆಯೇ? ಮೇಷ್ಟ್ರು ನಿದ್ದೆಗಣ್ಣಲ್ಲಿ ಬರೆದಿರಬೇಕು.” ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಇಮ್ರಾನ್ ತಲೆ ತಗ್ಗಿಸಿದ. ಮೇಷ್ಟ್ರು ಎದ್ದು, “ತಪ್ಪು ನನ್ದೇ ಐತೆ. ತಿದ್ತೀನಿ” ಎಂದು ಕೂತರು.

ಹಿಂದಿರುಗುವಾಗ ಬಸ್ಸಿನ ಕಿಟಕಿಯಾಚೆ ಬಂಡೆಗುಡ್ಡಗಳು ಸಂಜೆಬಿಸಿಲಲ್ಲಿ ತೇಲುವಂತೆ ಸಾಗಿದವು. ಬಸ್ಸು ಬಿ.ಜಿ. ಕೆರೆ ಊರನ್ನು ದಾಟಿತು. ಆಮೇಲೆ ಮೇಷ್ಟ್ರು ಕಿಟಕಿಯತ್ತಲೇ ನೋಡುತ್ತ, “ಆಸೆ ಇರ್ಲಿ ಕಣೋ. ಅರ್ಥದ ಜಾಗದಾಗೆ ಅದನ್ನ ಕೂರಿಸ್ಬ್ಯಾಡ” ಎಂದರು. ಮರುವಾರ ಮುನ್ನೂರು ಪ್ರತಿಗಳಲ್ಲೂ ಆ ಮೂರು ಪದಗಳನ್ನು ಪೆನ್ನಿನಿಂದ ಹೊಡೆದುಹಾಕುವಾಗ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು, ಏನನ್ನೂ ಕೇಳಲಿಲ್ಲ.

ಮೇಷ್ಟ್ರಿಗೆ ನೂರರ ಆಯುಸ್ಸಿರಲಿ. ಪದಕೋಶದ ಎರಡನೆಯ ಸಂಪುಟಕ್ಕೆ ಬೇಕಾದ ಗ್ಯಾರೇಜುಗಳೂ ಹೊಲದ ಬದುಗಳೂ ಅವರಿಗೆ ದಾರಿಯುದ್ದಕ್ಕೂ ಸಿಗಲಿ. ಆ ಮಾತು ಸೇರಿಸಿದವನು ತಾನೇ ಎಂದು ಇಮ್ರಾನ್ ಅವರಿಗೆ ಇಂದಿನವರೆಗೂ ಹೇಳಿಲ್ಲ.