ಹಿಂದಿನ ಸೀಟಿನ ವಿಮೆ

ಕುಂಬ್ಡಾಜೆಯಲ್ಲಿ ಮೊದಲ ಮೋಟಾರ್ ಸೈಕಲ್ ನನ್ನದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿ. ಅದನ್ನು ನನ್ನ ಹಾಗೆ ಓಡಿಸುವವರು ಕಾಸರಗೋಡು ಪೇಟೆಯಲ್ಲಿಯೂ ಇರಲಿಲ್ಲ. ಗುರುತಿನವರು ನಡೆದು ಹೋಗುತ್ತಿದ್ದರೆ ನಿಲ್ಲಿಸದೆ ದಾಟುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಒಂದು ದಿನ ಪೇಟೆಯ ದಾರಿಯ ನಾಯ್ಮಾರ್ಮೂಲೆಯಲ್ಲಿ, ನಡೆದು ಹೋಗುತ್ತಿದ್ದ ನೆರೆಮನೆಯ ಬಾಬಣ್ಣನನ್ನು ಕರೆದು ಹತ್ತಿಸಿಕೊಂಡೆ. ಮುಂದಿನ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ನನಗೆ ಮೊಣಕೈ ತರಚಿತು. ಬಾಬಣ್ಣ ಅಲ್ಲಿಯೇ ತೀರಿಕೊಂಡ.

ಅವನ ಹೆಂಡತಿ ಕಮಲಕ್ಕನನ್ನು ವಿಮೆಯ ಏಜೆಂಟರ ಹತ್ತಿರ ಕರೆದುಕೊಂಡು ಹೋದೆ. "ನಾನುಂಟಲ್ಲ, ಪರಿಹಾರ ಕೊಡಿಸದೆ ಬಿಡುವುದಿಲ್ಲ" ಎಂದು ಬಸ್ಸಿನಲ್ಲಿ ದಾರಿಯಿಡೀ ಹೇಳಿದ್ದೆ.

ಏಜೆಂಟರು ಕೇಳಿದರು, "ಅವರು ರಸ್ತೆಯಲ್ಲಿ ನಡೆಯುತ್ತಿದ್ದರೋ, ನಿಮ್ಮ ಹಿಂದೆ ಕೂತಿದ್ದರೋ?"

"ಹಿಂದೆ. ನಾನೇ ಕರೆದು ಕೂರಿಸಿದ್ದು."

"ಹಾಗಾದರೆ ಸಿಗುವುದಿಲ್ಲ. ನಿಮ್ಮದು ದಾರಿಹೋಕರಿಗೆ ಗುದ್ದಿದರೆ ಕೊಡುವ ವಿಮೆ ಮಾತ್ರ. ಹಿಂದೆ ಕೂರುವವರನ್ನೂ ಸೇರಿಸುವುದೋ ಅಂತ ವಿಮೆ ಮಾಡಿಸುವಾಗಲೇ ಕೇಳಿದ್ದೆ. 'ನನ್ನ ಗಾಡಿಯಿಂದ ಯಾರೂ ಬೀಳುವುದಿಲ್ಲ ಮಾರಾಯ್ರೇ' ಅಂದಿರಿ ನೀವು."

ಕಮಲಕ್ಕ ಮೆಲ್ಲನೆ ಕೇಳಿದರು, "ಇವ ಹತ್ತಿಸಿಕೊಳ್ಳದೆ ಅವರಿಗೆ ಗುದ್ದಿದ್ದರೆ ಸಿಗುತ್ತಿತ್ತೋ?"

"ಸಿಗುತ್ತಿತ್ತು ಅಕ್ಕ."

ವಾಪಸು ಬರುವಾಗ ಬಸ್ಸಿನಲ್ಲಿ ಕಮಲಕ್ಕ ಕಿಟಕಿಯ ಕಡೆ ನೋಡುತ್ತಾ, "ಅವರು ನಡೆದೇ ಹೊರಟದ್ದು" ಎಂದರು.

ಗಾಡಿ ಈಗಲೂ ಉಂಟು. ಗುರುತಿನವರು ಕಂಡರೆ ನಾನು ನಿಲ್ಲಿಸುವುದಿಲ್ಲ. ಮೋಟಾರ್ ಬಂದ ಮೇಲೆ ಇವನಿಗೆ ಕೊಬ್ಬು ಬಂತು ಎಂದು ಊರಿನವರು ಹೇಳುತ್ತಾರೆ. ಕೊಬ್ಬು ಮೊದಲೇ ಇತ್ತು. ಆಗ ನಿಲ್ಲಿಸುತ್ತಿದ್ದೆ, ಅಷ್ಟೆ.