ದಾಗಡಿ ಸೊಪ್ಪಿನ ಪರೀಕ್ಷೆ

ಹೊರಗಿನವರು ಕೊಟ್ಟದ್ದನ್ನು ಕೂಡಲೇ ಬಾಯಿಗಿಟ್ಟುಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಕೊಟ್ಟವರು ನೆಂಟರಾದರೂ ಅಷ್ಟೇ. ಲೋಟವನ್ನು ಕೈಗೆ ತೆಗೆದುಕೊಂಡು, ಒಳಗೆ ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ಮಾತನ್ನು ಮುಂದುವರಿಸುತ್ತ, ಅವರು ತಮ್ಮ ಲೋಟದಿಂದ ಕುಡಿಯುವವರೆಗೆ ಕಾಯಬೇಕು ಎಂಬುದನ್ನು ಅಮ್ಮ ನನಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದಳು. ಕ್ಯಾಸಂಬಳ್ಳಿಯ ಸುತ್ತಲಿನ ಹಳ್ಳಿಗಳಲ್ಲಿ ಇದರ ಕಾರಣವನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಒಬ್ಬರನ್ನು ವಶಮಾಡಿಕೊಳ್ಳಬೇಕೆಂದಿರುವವರು ಊಟದಲ್ಲೋ ಕಾಫಿಯಲ್ಲೋ ಏನನ್ನೋ ಬೆರೆಸಿ ಕೊಡುತ್ತಾರೆ. ತಿಂದವರಿಗೆ ಮನೆಯ ಊಟ ರುಚಿಸದಾಗುತ್ತದೆ, ಅವರು ಕೊಟ್ಟವರ ಮಾತನ್ನೇ ಆಡತೊಡಗುತ್ತಾರೆ. ಇದಕ್ಕೆ ನಮ್ಮವರು ಮದ್ದಿಕ್ಕುವುದು ಎನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಆಡುವವರಿಗೆ ಹಲವು ವಿಷಯಗಳಲ್ಲಿ ಒಮ್ಮತವಿರಲಿಲ್ಲ. ಈ ಭಯದಲ್ಲಿ ಮಾತ್ರ ಇತ್ತು.

ಎಂಬತ್ತರ ದಶಕದಲ್ಲಿ ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಪಿಯುಸಿ ಓದುತ್ತಿದ್ದೆ. ಹತ್ತನೆಯ ತರಗತಿಯನ್ನು ದಾಟಿದವರು ನಮ್ಮ ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಬಸ್ಸು, ಅಲ್ಲಿಂದ ರೈಲು. ಸಂಜೆ ಅದೇ ದಾರಿಯಲ್ಲಿ ವಾಪಸು. ಶನಿವಾರ ಅರ್ಧ ದಿನದ ತರಗತಿ ಮುಗಿದ ಮೇಲೆ ಆಂಡರ್ಸನ್‌ಪೇಟೆಯಲ್ಲಿ ಇಳಿದು ಒಬ್ಬ ಹೆಂಗಸಿನ ಮನೆಯ ಜಗಲಿಗೆ ಹೋಗುತ್ತಿದ್ದೆ. ಅವರು ಗಣಿ ಕಾರ್ಮಿಕರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿ ಬಿಟ್ಟವರು. ಗಂಡ ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿದ್ದು ನಿವೃತ್ತರಾಗಿದ್ದರು. ನಾವೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು. ನಮ್ಮ ವಯಸ್ಸಿನ ಹುಡುಗಿಯರಿಗೆ ಅವರು ಪ್ಲಾಸ್ಟಿಕ್ ವೈರಿನಿಂದ ಬುಟ್ಟಿ ಹೆಣೆಯುವುದನ್ನು, ಹಳೆಯ ಸೀರೆಯನ್ನು ಸೀಳಿ ಕಾಲೊರೆಸು ಮಾಡುವುದನ್ನು ಹೇಳಿಕೊಡುತ್ತಿದ್ದರು. ಕೈ ಕೆಲಸ ಮಾಡುತ್ತಿರುವಾಗ ಬಾಯಿ ಊಟದ ವಿಷಯಕ್ಕೆ, ಅಲ್ಲಿಂದ ಕೂದಲಿಗೆ, ಚರ್ಮಕ್ಕೆ ಹೋಗುತ್ತಿತ್ತು.

"ಮೂಂಜಿಗೆ ಅಷ್ಟು ಪೌಡರ್ ಯಾಕೆ ಕಣ್ಣು? ಗೋಡೆಗೆ ಸುಣ್ಣ ಹೊಡೆದಂಗಿದೆ," ಎಂದು ಒಬ್ಬಳನ್ನು ಗದರಿಸುವರು. ಮೂಂಜಿ ಎಂದರೆ ತಮಿಳಿನಲ್ಲಿ ಮುಖ, ಕಣ್ಣು ಎಂಬುದು ಮುದ್ದಿನ ಮಾತು. ಬೈಗುಳದ ಜೊತೆಗೂ ಅದು ಬರುತ್ತಿತ್ತು. "ಮೊದಲು ಸೊಪ್ಪು ತಿನ್ನು. ಆಮೇಲೆ ಕನ್ನಡಿ ನೋಡು."

ಬೇಲಿಯ ಮೇಲೆ ಹಬ್ಬುವ ದಾಗಡಿ ಬಳ್ಳಿಯ ಎಲೆಯನ್ನು ನೀರಿನಲ್ಲಿ ಕಿವುಚಿ, ಲೋಳೆಯಾದದ್ದನ್ನು ತಲೆಗೆ ಹಚ್ಚಿ ತೊಳೆಯುವುದನ್ನು ಅವರೇ ನನಗೆ ಕಲಿಸಿದರು. ಕೊನೆಯಲ್ಲಿ ಎಲ್ಲರಿಗೂ ಒಂದೊಂದು ಲೋಟ ರಾಗಿಯ ಹಾಲು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು. ಅದಕ್ಕೆ ಹಾಲು, ಬೆಲ್ಲ. ಮೊದಲ ಶನಿವಾರ ನಾನು ಲೋಟವನ್ನು ಹಿಡಿದು ಅಮ್ಮ ಕಲಿಸಿದಂತೆ ಕಾದೆ. ಟೀಚರಮ್ಮ ಕುಡಿಯಲಿಲ್ಲ. ಎದುರಿಗೆ ಕುಳಿತು ನಮ್ಮ ಲೋಟಗಳನ್ನೇ ನೋಡುತ್ತಿದ್ದರು. ಉಳಿದ ಹುಡುಗಿಯರು ಕುಡಿದರೆಂದು ನಾನೂ ಕುಡಿದೆ. ರುಚಿಯಾಗಿತ್ತು.

ಕೆಲವು ತಿಂಗಳುಗಳಲ್ಲಿ ನನ್ನ ಮುಖದ ಮೊಡವೆಗಳು ಇಳಿದವು. ಜಡೆ ದಪ್ಪವಾಯಿತು. ಇದರಿಂದ ಮನೆಯಲ್ಲಿ ಸಂತೋಷವಾಗಬೇಕಿತ್ತು ಎಂದು ಓದುಗರಿಗೆ ಅನ್ನಿಸಬಹುದು. ಆದದ್ದು ಬೇರೆ. ನಾನು ಅಡುಗೆಮನೆಯಲ್ಲಿ ನಿಂತು, ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬಾರದೆಂದೂ ಅನ್ನದ ಗಂಜಿಯನ್ನು ಬಸಿದು ಹಸುವಿಗೆ ಹಾಕಬಾರದೆಂದೂ ಅಮ್ಮನಿಗೆ ಹೇಳತೊಡಗಿದ್ದೆ. ಪ್ರತಿ ಮಾತಿನ ಕೊನೆಗೆ, "ಟೀಚರಮ್ಮ ಹೇಳಿದ್ರು." ಶನಿವಾರದ ರಾತ್ರಿ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ, ಟೀಚರಮ್ಮನ ರಾಗಿ ಹಾಲಿನಿಂದ ಹೊಟ್ಟೆ ತುಂಬಿರುತ್ತಿತ್ತು.

ಇದನ್ನು ಮೊದಲು ಗಮನಿಸಿದವಳು ಪಕ್ಕದ ಮನೆಯಲ್ಲೇ ಇದ್ದ ದೊಡ್ಡಮ್ಮ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ. ನಾನು ಹೆಣೆದ ಬುಟ್ಟಿಯನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು.

"ಇಷ್ಟೊಂದ್ ಗಂಟು ಯಾಕೆ ಬೇಕೇ ಒಂದ್ ಬುಟ್ಟಿಗೆ?"

"ಹಾಗೆಯೇ ಹೆಣೆಯೋದು ದೊಡ್ಡಮ್ಮ."

"ಯಾರ್ ಏಳ್ದೋರು?"

"ಟೀಚರಮ್ಮ."

ದೊಡ್ಡಮ್ಮ ಅಮ್ಮನ ಕಡೆ ನೋಡಿದಳು. "ಕೇಳ್ದೇನೇ? ನಾನ್ ಬಾಯಿ ಬಿಟ್ಟು ಏಳ್ಬೇಕಾ ಇನ್ನ? ಮನೆ ಮುದ್ದೆ ಸೇರಲ್ಲ, ಮಾತೆತ್ತಿದ್ರೆ ಆಯಮ್ಮ. ಎಣ್ಣು ಮಗಳ ಮಕ ಎಂಗ್ ಒಳೀತಾ ಐತೆ ನೋಡು. ಸುಮ್ನೆ ಒಳೀತದಾ?"

ಆ ಸಂಜೆ ಬುಟ್ಟಿ ಮನೆಯೊಳಗೆ ಬರಲಿಲ್ಲ. ಕೊಟ್ಟಿಗೆಯ ಹೊರಗಿನ ಗೂಟದಲ್ಲಿ ನೇತಾಡುತ್ತಿತ್ತು. ಅಂದಿನಿಂದ ಅಮ್ಮ ನನಗೆ ಬಡಿಸಿ ದೂರ ಸರಿಯದೆ, ನಾನು ನುಂಗುವುದನ್ನು ನೋಡುತ್ತ ಕುಳಿತುಕೊಳ್ಳತೊಡಗಿದಳು. ನಾನು ಒಂದು ತುತ್ತು ನಿಧಾನ ಮಾಡಿದರೂ ಅವಳ ಕಣ್ಣು ಸಣ್ಣದಾಗುತ್ತಿತ್ತು.

ಮುಂದಿನ ಭಾನುವಾರ ನನ್ನನ್ನು ಆಂಧ್ರದ ಗಡಿಯ ಕಡೆಗಿದ್ದ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಹೋಗುವವರೆಗೂ ನೆಂಟರ ಮನೆ ಎಂದೇ ಹೇಳಿದ್ದಳು. ಅಲ್ಲಿದ್ದದ್ದು ಮದ್ದು ತೆಗೆಯುವ ಅಜ್ಜಿ. ಅವಳು ತೆಂಗಿನ ಚಿಪ್ಪಿನಲ್ಲಿ ಮೊದಲೇ ಹಿಂಡಿಟ್ಟಿದ್ದ ಹಸಿರು ರಸವನ್ನು ನನ್ನ ಅಂಗೈಗೆ ಬಿಟ್ಟು, ಅಲುಗಾಡಿಸಬೇಡವೆಂದು ಹೇಳಿ, ಕಣ್ಣು ಮುಚ್ಚಿ ತೆಲುಗಿನಲ್ಲಿ ಏನನ್ನೋ ಗೊಣಗಿಕೊಂಡಳು. ರಸ ನೀರಾಗಿಯೇ ಉಳಿದರೆ ಒಳ್ಳೆಯದು. ಗಟ್ಟಿಯಾದರೆ ಹೊಟ್ಟೆಯಲ್ಲಿ ಮದ್ದಿದೆ ಎಂದರ್ಥ. ನಾನು ಕೈಯನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ರಸದ ಹೊಳಪು ಬದಲಾಯಿತು. ಅಜ್ಜಿ ಬೆರಳಿನಿಂದ ಮುಟ್ಟಿದಳು. ಹೆಪ್ಪುಗಟ್ಟಿದ ಮೊಸರಿನಂತೆ ಅದು ನಡುಗಿತು.

"ಅದೆ ಕಣಮ್ಮ. ಬೋ ದಿನದ್ದು," ಎಂದಳು ಅಜ್ಜಿ. "ಕಕ್ಕಿಸ್ತೀನಿ. ಮೂರಮಾಸೆ ಆಗ್ಬೇಕು. ಅಲ್ಲೀಗಂಟ ಆಯಮ್ಮ ಇರೋ ದಿಕ್ಕಿಗೆ ತಲೆ ಆಕ್ಬಾರ್ದು."

ಆ ದಿಕ್ಕನ್ನು ಬಿಟ್ಟು ಕಾಲೇಜಿಗೆ ಬೇರೆ ದಾರಿ ಇರಲಿಲ್ಲ. ಮೂರು ಅಮಾವಾಸ್ಯೆಗಳ ಒಳಗೆ ಪರೀಕ್ಷೆ ಬಂದು ಹೋಗುತ್ತಿತ್ತು. ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ, "ಓದಿದ್ದು ಸಾಕು ಬಿಡು. ನೀನ್ ಉಳುದ್ರೆ ಸಾಕು," ಎಂದಳು.

ನಾನು ವಾದಿಸಲಿಲ್ಲ. ಕಾರಣ, ನನಗೂ ಅನುಮಾನ ಬಂದಿತ್ತು. ನನ್ನ ಅಂಗೈಯಲ್ಲೇ ಆದದ್ದನ್ನು ನಾನು ಹೇಗೆ ಅಲ್ಲಗಳೆಯಲಿ? ದಾರಿಯುದ್ದಕ್ಕೂ ಟೀಚರಮ್ಮನ ಮನೆಯ ಒಂದೊಂದು ಸಂಗತಿಯೂ ಬೇರೆ ಬಣ್ಣದಲ್ಲಿ ಕಾಣಿಸತೊಡಗಿತು. ರಾಗಿಹಿಟ್ಟಿನ ಡಬ್ಬಕ್ಕೆ ಅವರು ಸಣ್ಣದೊಂದು ಬೀಗ ಹಾಕುತ್ತಿದ್ದರು. ಹಿಟ್ಟಿಗೆ ಬೀಗ ಯಾಕೆ? ಲೋಟ ಖಾಲಿಯಾಗುವವರೆಗೆ ನಮ್ಮ ಬಾಯಿಯನ್ನೇ ಯಾಕೆ ನೋಡುತ್ತಿದ್ದರು? ತಾವು ಒಂದು ದಿನವಾದರೂ ನಮ್ಮ ಮುಂದೆ ಅದನ್ನು ಕುಡಿದದ್ದುಂಟೇ? ಯಾರ ಮಕ್ಕಳೋ ಆದ ನಮ್ಮ ಕೂದಲು, ಚರ್ಮಗಳ ಬಗ್ಗೆ ಅವರಿಗೇಕೆ ಅಷ್ಟು ಕಾಳಜಿ? ಅವರು ನನ್ನ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ್ದ ನೆನಪಾಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡೆ.

ಮನೆಗೆ ಬಂದು ಬಚ್ಚಲಿನಲ್ಲಿ ಕೈ ತೊಳೆಯುವಾಗ, ಉಗುರಿನ ಸಂದಿಯಲ್ಲಿ ಅಂಟಿಕೊಂಡಿದ್ದ ಚೂರು ಬೆರಳುಗಳ ನಡುವೆ ಜಾರಿತು. ಅದರ ಹಸಿ ವಾಸನೆ ಮೂಗಿಗೆ ಬಂತು. ಆ ಜಾರುವಿಕೆ ನನ್ನ ಕೈಗೆ ಹೊಸದಾಗಿರಲಿಲ್ಲ. ಪ್ರತಿ ಭಾನುವಾರ ತಲೆಗೆ ಹಚ್ಚಿಕೊಳ್ಳುವಾಗ ಬೆರಳುಗಳಿಗೆ ಸಿಗುತ್ತಿದ್ದದ್ದು ಅದೇ. ಹಚ್ಚುವುದು ತಡವಾದರೆ ಪಾತ್ರೆಯಲ್ಲಿ ಉಳಿದದ್ದು ಗಟ್ಟಿಯಾಗಿ, ಕೆರೆದು ತೆಗೆಯಬೇಕಾಗುತ್ತಿತ್ತು.

ಬೆಳಕು ಹರಿದ ಕೂಡಲೇ ಬೇಲಿಯಿಂದ ಎರಡು ಹಿಡಿ ದಾಗಡಿ ಎಲೆ ಕಿತ್ತು ತಂದೆ. ಅಮ್ಮ ಹಾಲು ಕರೆದು ಕೊಟ್ಟಿಗೆಯಿಂದ ಬರುತ್ತಿದ್ದಳು. ಅವಳ ಮುಂದೆಯೇ ಎಲೆಗಳನ್ನು ನೀರಿನಲ್ಲಿ ಕಿವುಚಿ, ಸೋಸಿ, ರಸವನ್ನು ಒಂದು ತಟ್ಟೆಗೆ ಬಿಟ್ಟೆ. ಅದನ್ನು ಜಗಲಿಯ ಮೇಲಿಟ್ಟು ಇಬ್ಬರೂ ಕುಳಿತೆವು. ರಸ ಗಟ್ಟಿಯಾಯಿತು. ನಾನು ತಟ್ಟೆಯನ್ನು ಓರೆ ಮಾಡಿ ತೋರಿಸಿದೆ.

"ಈ ತಟ್ಟೆಗೆ ಯಾರಮ್ಮ ಮದ್ದಿಕ್ಕಿದ್ದು?"

ಅಮ್ಮ ತಟ್ಟೆಯನ್ನು ತೆಗೆದುಕೊಂಡು ತಳವನ್ನು ನೋಡಿದಳು. ಅವಳ ಹುಬ್ಬು ಗಂಟಾಯಿತು. "ಇದು ನಿಮ್ ದೊಡ್ಡಮ್ಮನ ಮನೆ ತಟ್ಟೆ ಅಲ್ವೇನೇ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಇಟ್ಟುಕೊಂಡು ಬಂದ ತಟ್ಟೆ ನಮ್ಮಲ್ಲೇ ಉಳಿದಿತ್ತು. ಅಮ್ಮ ಪಕ್ಕದ ಮನೆಯ ಕಡೆ ಒಮ್ಮೆ, ತಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದಳು. ನಾನು ಎದ್ದು ಹೋಗಿ ಮುತ್ತುಗದ ಎಲೆಯೊಂದನ್ನು ಕಿತ್ತು ತಂದು ದೊನ್ನೆ ಮಾಡಿ, ಉಳಿದ ರಸದಲ್ಲಿ ಸ್ವಲ್ಪವನ್ನು ಅದಕ್ಕೆ ಬಿಟ್ಟೆ. ಅದೂ ಗಟ್ಟಿಯಾಯಿತು.

ಅಮ್ಮ ಸೆರಗಿನಿಂದ ಒರೆಸಿಕೊಂಡು ತನ್ನ ಬಲಗೈಯನ್ನು ಚಾಚಿದಳು. ಸಗಣಿ ಬಾಚಿ, ರಾಗಿ ಬೀಸಿ ಒರಟಾಗಿದ್ದ ಅಂಗೈ. "ಇದಕ್ಕೂ ಬಿಡು."

ಬಿಟ್ಟೆ. ಕರೆದಿಟ್ಟ ಹಾಲಿನ ನೊರೆ ಇಳಿಯಿತು. ಹಾಲು ಹಾಕಲು ಡೇರಿಗೆ ಹೋಗುವ ಹೊತ್ತಾಯಿತು. ಅವಳು ಕೈಯನ್ನು ಅಲುಗಾಡಿಸಲಿಲ್ಲ. ರಸ ಗಟ್ಟಿಯಾದಾಗ ಅದನ್ನೇ ನೋಡುತ್ತ ಹೇಳಿದಳು: "ನಂಗ್ಯಾರೂ ಮದ್ದಿಕ್ಕಿಲ್ಲ ಕಣೇ. ನನ್ನಿಂದ ಯಾರಿಗೇನ್ ಆಗ್ಬೇಕಾಗೈತೆ, ಮದ್ದಿಕ್ಕಕ್ಕೆ?"

ಆ ಮಾತು ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಅವಳು ಕೈಯನ್ನು ತೊಳೆದುಕೊಂಡು ಬಂದು, "ಬ್ಯಾಗ್ ತಗೋ. ಕಾಲೇಜಿಗೆ ನಡಿ," ಎಂದಳು. ಬಾಗಿಲಿನಲ್ಲಿ ಸೇರಿಸಿದಳು: "ನಾನೂ ಬತ್ತೀನಿ. ಆಯಮ್ಮನ್ನ ಒಂದ್ ಕಿತ ನೋಡ್ಬೇಕು."

ದಾರಿಯಲ್ಲಿ ನನ್ನ ಅನುಮಾನಗಳನ್ನು ಒಂದೊಂದಾಗಿ ಅಮ್ಮನಿಗೆ ಹೇಳಿದೆ. ಟೀಚರಮ್ಮ ಜಗಲಿ ಗುಡಿಸುತ್ತಿದ್ದರು. ಅಮ್ಮ ಕುಳಿತುಕೊಳ್ಳಲಿಲ್ಲ. ನಮಸ್ಕಾರವನ್ನೂ ಹೇಳದೆ, "ಹಿಟ್ಟಿಗ್ಯಾಕಮ್ಮ ಬೀಗ?" ಎಂದು ಕೇಳಿದಳು.

ಟೀಚರಮ್ಮ ನನ್ನ ಮುಖವನ್ನು ನೋಡಿದರು, ಅಮ್ಮನ ಮುಖವನ್ನು ನೋಡಿದರು. ಅವರು ನಮ್ಮ ಸೀಮೆಯವರೇ. ಉಳಿದದ್ದನ್ನು ಕೇಳುವ ಅಗತ್ಯ ಬೀಳಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗಿನಿಂದ ಡಬ್ಬವನ್ನೇ ತಂದರು. "ಪೆರುಚಾಳಿ ಅಮ್ಮ, ಪೆರುಚಾಳಿ. ಹೆಗ್ಗಣ! ಮುಚ್ಚಳ ತಳ್ಳಿ ತಿಂತದೆ," ಎಂದು ಕಡಿದ ಅಂಚನ್ನು ತೋರಿಸಿದರು.

"ಮಕ್ಕಳು ಕುಡಿಯೋದನ್ನ ಯಾಕ್ ನೋಡ್ತೀಯ?"

ಅದಕ್ಕೆ ಅವರು ಕನಕಾಂಬರದ ಕುಂಡದ ಕಡೆ ಕೈ ಮಾಡಿದರು. ಮಣ್ಣಿನ ಮೇಲೆ ಇರುವೆಗಳು ಮುತ್ತಿದ್ದವು. "ನಿಮ್ಮ ಮಗಳಲ್ಲ. ಇನ್ನೊಂದು ಹುಡುಗಿ ಇದೆ. ನಾನು ತಿರುಗಿದರೆ ಗಿಡಕ್ಕೆ ಊತ್ತದೆ, ಸುರಿದು ಬಿಡ್ತದೆ. ಹಾಲು, ಬೆಲ್ಲ, ಎಲ್ಲಾ ಇರುವೆಗೆ."

"ನೀನ್ಯಾಕ್ ಕುಡಿಯಲ್ಲ?"

"ಶುಗರ್ ಅಮ್ಮ. ಬೆಲ್ಲ ಆಗಲ್ಲ." ಆಮೇಲೆ ಯಾರೂ ಕೇಳದೆಯೇ ಒಂದು ಚಮಚ ಹಿಟ್ಟನ್ನು ಅಂಗೈಗೆ ಹಾಕಿಕೊಂಡು, ನಮ್ಮಿಬ್ಬರ ಮುಂದೆ, ಹಾಲಿಲ್ಲದೆ ಹಾಗೆಯೇ ಬಾಯಿಗೆ ಹಾಕಿಕೊಂಡರು. ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವರ ಕಣ್ಣಲ್ಲಿ ನೀರಾಡಿದ್ದು ಕೆಮ್ಮಿನಿಂದಲೇ ಎಂದು ಅಂದುಕೊಳ್ಳಲು ನಾನು ಬಹಳ ಪ್ರಯತ್ನಿಸಿದೆ.

ಅಮ್ಮ ತನ್ನ ಷರತ್ತುಗಳನ್ನು ಹೇಳಿ ಹಿಂತಿರುಗಿದಳು. ಕಾಲೇಜು ನಡೆಯಬಹುದು. ಶನಿವಾರ ಹೆಣಿಗೆಗೂ ಬರಬಹುದು. ಕುಡಿಯುವುದು ಮಾತ್ರ ನಮ್ಮ ಮನೆಯಲ್ಲಿ, ನಮ್ಮ ಹೊಲದ ರಾಗಿಯಿಂದ. ಟೀಚರಮ್ಮ, "ಮನೆಯಲ್ಲಿ ಮಾಡಿ ಅಂತಾನೇ ನಾನೂ ಹೇಳೋದು," ಎಂದರು. ಅದರ ನಂತರ ಅವರು ನನ್ನ ಜಡೆಯನ್ನು ಮುಟ್ಟಲಿಲ್ಲ.

ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಕಟ್ಟಿದ ರಾಗಿ ನಮ್ಮ ಅಡುಗೆಮನೆಯ ಮೊಳೆಯಲ್ಲಿ ತೂಗತೊಡಗಿತು. ಬುಟ್ಟಿ ಕೊಟ್ಟಿಗೆಯ ಗೂಟದಿಂದ ಒಳಗೆ ಬಂದು ಟೊಮೇಟೊ ತುಂಬಿಕೊಂಡಿತು. ಬೆಳಿಗ್ಗೆ ಅಮ್ಮ ಲೋಟವನ್ನು ತಂದು, ತಾನೇ ಕಾಯಿಸಿದ್ದನ್ನು, ತಾನೇ ಮೊದಲು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ನಿಂತು, ಆಮೇಲೆ ನನ್ನ ಕೈಗೆ ಕೊಡುತ್ತಿದ್ದಳು. ಪರೀಕ್ಷೆಯ ದಿನಗಳಲ್ಲಿಯೂ, ಮುಂದೆ ಪದವಿಯ ಮೂರು ವರ್ಷಗಳಲ್ಲಿಯೂ ಇದು ತಪ್ಪಲಿಲ್ಲ. ತನ್ನ ಅಡುಗೆಯ ಮೇಲೆಯೇ ಅವಳಿಗೆ ಎಂಥ ಅನುಮಾನವೆಂದು ನಾನು ಕೇಳಲಿಲ್ಲ. ಗುಟುಕು ದಿನದಿಂದ ದಿನಕ್ಕೆ ದೊಡ್ಡದಾಗುತ್ತ, ಕೊನೆಗೆ ಅವಳಿಗೂ ಒಂದು ಲೋಟವಾಯಿತು.

ಒಂದು ದಿನ ಜಗಲಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಅಮ್ಮನನ್ನು ದೊಡ್ಡಮ್ಮ ನಿಂತು ನೋಡಿದಳು.

"ಏನೇ, ಈಚೀಚ್ಗೆ ನಿನ್ ಮಕಾನೂ ಒಳೀತೈತೆ! ಏನ್ ತಿಂತಾ ಇದ್ದೀಯೇ?"

ಅಮ್ಮ ಒಳಗೆ ಹೋಗಿ ಒಂದು ಲೋಟ ರಾಗಿ ಹಾಲನ್ನು ತಂದು ಅವಳ ಕೈಗೆ ಕೊಟ್ಟಳು. ದೊಡ್ಡಮ್ಮ ಲೋಟದೊಳಗೆ ಒಮ್ಮೆ ನೋಡಿದಳು. ಊರಿನ ಸುದ್ದಿ ಎತ್ತಿದಳು, ಮಳೆಯ ಮಾತಾಡಿದಳು, ಕಾದಳು. ಅಮ್ಮನೂ ಹುಂ ಹುಂ ಎನ್ನುತ್ತ ಕಾದಳು.

ಹಾಲು ಆರಿ ಕೆನೆ ಕಟ್ಟಿತು. ಕೊನೆಗೆ ದೊಡ್ಡಮ್ಮ ಲೋಟವನ್ನು ಹಿಂದಕ್ಕೆ ಚಾಚಿ, "ಬಿಸಿ ಐತೇನೋ, ನೋಡೇ. ನೀನೊಂದ್ ಗುಟುಕು ಕುಡ್ದು ಕೊಡು," ಎಂದಳು.