ಯುಗಾದಿಯ ತನಕ ನಡೆಯಬೇಕಿದ್ದ ನಾಟಕ

ಟೊರಾಂಟೊ ಸುತ್ತಮುತ್ತ ಇರುವ ನಮ್ಮ ಧಾರವಾಡ, ಬೆಳಗಾವಿ ಕಡೆಯ ನಾಲ್ಕಾರು ಮನೆಯವರಿಗೆ ಪಂಥ ಕಟ್ಟದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಮೊದಲ ಸ್ನೋ ಯಾವಾಗ ಬೀಳುತ್ತದೆ, ಎರಿನ್ ಮಿಲ್ಸ್ ಮಾಲಿನಲ್ಲಿ ಹೊಸದಾಗಿ ತೆರೆದ ಅಂಗಡಿ ಎಷ್ಟು ದಿನ ಬಾಳುತ್ತದೆ, ಯಾರ ಮಗ ಯಾವ ಯೂನಿವರ್ಸಿಟಿಗೆ ಹೋಗುತ್ತಾನೆ, ಎಲ್ಲಕ್ಕೂ ಪಂಥ. ಅದರಲ್ಲಿ ದುಡ್ಡಿನ ಮಾತಿಲ್ಲ. ಸೋತವರು ಎಲ್ಲರಿಗೂ ಅಡುಗೆ ಮಾಡಿ ಬಡಿಸಬೇಕು. ಗೆದ್ದವರು ಹೊಟ್ಟೆ ತುಂಬ ಉಂಡು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೆಸರಿಡಬೇಕು. ಇಷ್ಟೇ ಕಾಯಿದೆ.

2017ರಲ್ಲಿ ಪಂಥಕ್ಕೆ ಸಿಕ್ಕಿದ್ದು ಒಂದು ಮ್ಯೂಸಿಕಲ್ಲು, ಅಂದರೆ ಹಾಡು ಕುಣಿತದ ಇಂಗ್ಲಿಷ್ ನಾಟಕ. ಎಷ್ಟೋ ವರ್ಷ ಮೂಲೆಗೆ ಬಿದ್ದಿದ್ದ ನಾಟಕವನ್ನು ನ್ಯೂಯಾರ್ಕಿನ ಬ್ರಾಡ್‌ವೇ ಥೇಟರಿನವರು ಮತ್ತೆ ಎತ್ತಿ ನಿಲ್ಲಿಸಿದ್ದರಂತೆ. ಅದೇ ಈಗ ಟೊರಾಂಟೊಗೆ ಬಂದಿತ್ತು. ಇಂಥ ದಿನ ಮುಗಿಯುತ್ತದೆ ಎಂದು ಹೇಳಿರಲಿಲ್ಲ. ಜನ ಬರುವವರೆಗೂ ಆಡುತ್ತೇವೆ ಎಂದಷ್ಟೇ ಜಾಹೀರಾತು. ಮುಗಿಯುವ ದಿನ ಗೊತ್ತಿಲ್ಲ ಅಂದಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ?

ಎಲ್ಲರಿಗೂ ಒಟ್ಟಿಗೆ ಟಿಕೆಟ್ ತೆಗೆಸಿದವರು ಟೊರಾಂಟೊದ ಆಚೆ ತುದಿಯ ಒಶಾವಾದ ಕಾಕು, ನೆಂಟಸ್ತಿಕೆ ಇಲ್ಲದಿದ್ದರೂ ನಮಗೆಲ್ಲ ಚಿಕ್ಕಮ್ಮ. ಬೆಳಗಾವಿಯವರು, ಅರವತ್ತು ದಾಟಿದವರು, ನಮ್ಮೆಲ್ಲರಿಗಿಂತ ಮೊದಲು ಈ ದೇಶಕ್ಕೆ ಬಂದವರು. ನಾನು ಟೊರಾಂಟೊದ ಈಚೆಗಿರುವ ಮಿಸಿಸಾಗಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು ನನಗೆ ಬೂಟು ಕೊಡಿಸಿದವರು ಅವರೇ. ಆ ಪ್ರೀತಿಯ ಜೊತೆಗೆ ಅವರಿಗೊಂದು ಚಟವೂ ಇತ್ತು. ಯಾರನ್ನು ಕಂಡರೂ ಯಾರ ಮಗಳು, ಯಾವ ಮನೆತನ ಎಂದು ಬೇರು ಹಿಡಿದು ಕೇಳುವುದು. ಕೇಳಿ ಸಮಾಧಾನವಾದರೆ "ಛಲೋ ಮನೆತನ" ಎಂದು ಒಂದು ಮುದ್ರೆ ಒತ್ತುತ್ತಿದ್ದರು. ನನಗೂ ಒತ್ತಿದ್ದರು. ಗಂಡನ ಮನೆಯವರು ಮಾಸ್ತರರು ಎಂದು ಹೇಳಿ, ತವರಿನ ಮಾತು ಬಂದಾಗ ಚಹಾಕ್ಕೆ ಇಡಲು ಎದ್ದು ಹೋಗಿ ನಾನು ಆ ಮುದ್ರೆ ಗಿಟ್ಟಿಸಿಕೊಂಡಿದ್ದೆ.

ಯಾಕೆಂದರೆ ನನ್ನ ಅವ್ವ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ಊರೂರಿಗೆ ಹೋಗಿ ತಗಡಿನ ಥೇಟರು ಕಟ್ಟಿ, ಜನ ಬರುವವರೆಗೂ ಅಲ್ಲೇ ಕ್ಯಾಂಪು ಹೂಡಿ, ಜನ ಕರಗಿದರೆ ಗಂಟುಮೂಟೆ ಕಟ್ಟುವ ಕಂಪನಿ. ಅಪ್ಪ ತೀರಿಕೊಂಡ ಮೇಲೆ ಅವಳು ದುಡಿದದ್ದು ಅಲ್ಲಿಯೇ. ನಾನು ಧಾರವಾಡದಲ್ಲಿ ಅಜ್ಜಿಯ ಹತ್ತಿರ ಇದ್ದು ಸಾಲಿ ಕಲಿತೆ. ರಜೆ ಬಂದರೆ ಕ್ಯಾಂಪಿಗೆ ಹೋಗುತ್ತಿದ್ದೆ, ರಂಗದ ಪಕ್ಕದಲ್ಲಿ ಟ್ರಂಕಿನ ಮೇಲೆ ಕೂತು ಅವ್ವನ ಹಾಡು ಕೇಳುತ್ತಿದ್ದೆ. ಅವಳ ಹಾಡಿಗೆ ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಕೂಗಿದರೆ ಮತ್ತೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರವಾದರೂ ಎದ್ದು ಕೂತು ಹಾಡಬೇಕು. ಅವ್ವ ಹಾಗೆ ಎದ್ದು ಹಾಡಿ, ಮತ್ತೆ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲಿಯಲ್ಲಿ ಹುಡುಗಿಯರು "ಕಂಪನಿಯಾಕಿ ಮಗಳು" ಎನ್ನತೊಡಗಿದ ಮೇಲೆ ರಜೆಯಲ್ಲಿ ಹೋಗುವುದನ್ನೂ ಬಿಟ್ಟೆ.

ಅವ್ವ ಆ ವರ್ಷ ಆರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಬಂದ ವಾರವೇ ನಾನು ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಹೇಳಿದೆ.

"ಅವ್ವಾ, ಇಲ್ಲಿ ಮಂದಿ ಮುಂದ ಕಂಪನಿ ಸುದ್ದಿ ತಗೀಬ್ಯಾಡ."

ಅವಳು ಕೊತ್ತಂಬರಿ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಾ ಯಾಕ ತಗೀಲಿ? ಯಾರರ ಕೇಳಿದ್ರ ಮನ್ಯಾಗಿದ್ದೆ ಅಂತೀನಿ ತಗೋ" ಅಂದಳು. ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಹಗುರವೆನಿಸಿತು. ಆಗ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನನ್ನ ನಾಚಿಕೆ ಯಾವಾಗಲೂ ಬಸ್ಸು ಹೋದಮೇಲೆ ಸ್ಟ್ಯಾಂಡಿಗೆ ಬರುವಂಥದು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನದ ಆಟಕ್ಕೆ ಟ್ರೇನು ಹಿಡಿದು ಹೋದೆವು. ನಾನು, ಇವರು, ಅವ್ವ, ಹುಬ್ಬಳ್ಳಿಯ ಗಂಡ ಹೆಂಡತಿ. ಕಾಕು ಒಶಾವಾದಿಂದ ನೇರ ಬಂದಿದ್ದರು. ಥೇಟರಿನ ಬಾಗಿಲಲ್ಲಿ ಅವ್ವ ಬಗ್ಗಿ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಕು ನೋಡಿ, "ಎಷ್ಟ ದೇವರು ದಿಂಡರು ಅಂತಾರ ನಿಮ್ಮ ಅವ್ವ" ಎಂದು ಮೆಚ್ಚಿಕೊಂಡರು. ನಾನು ಹೌದೆಂದೆ. ಒಳಗೆ ಹೋದಮೇಲೆ ಎಲ್ಲರೂ ಮೇಲಿನ ಬಂಗಾರದ ಬಣ್ಣದ ಛತ್ತನ್ನು ನೋಡುತ್ತಿದ್ದರೆ ಅವ್ವ ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿ ಕಡೆಯ ಸಾಲುಗಳನ್ನು ನೋಡುತ್ತ ಕೂತಳು. "ಮುಂದ ನೋಡು" ಎಂದು ನಾನು ಮೊಣಕೈಯಿಂದ ತಿವಿದೆ.

ಪರದೆ ಎದ್ದಿತು. ಮಾತು ಅವಳಿಗೆ ತಿಳಿಯಲಿಲ್ಲ, ಆದರೆ ಹಾಡಿಗೆ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಮಧ್ಯಂತರಕ್ಕೆ ಸ್ವಲ್ಪ ಮೊದಲು ಒಬ್ಬ ಹೆಂಗಸು, ವಯಸ್ಸಾದ ತಾಯಿಯ ಪಾತ್ರ, ಒಬ್ಬಳೇ ನಿಂತು ಒಂದು ನಿಧಾನದ ಹಾಡು ಹೇಳಿದಳು. ಬಹಳ ಚೆನ್ನಾಗಿ ಹೇಳಿದಳು. ಹಾಡು ಮುಗಿದು ಚಪ್ಪಾಳೆ ಇನ್ನೂ ಶುರುವಾಗಿರಲಿಲ್ಲ. ಆ ಮೌನದಲ್ಲಿ ನನ್ನ ಪಕ್ಕದಿಂದ ದನಿ ಎದ್ದಿತು.

"ಒನ್ಸ್ ಮೋರ್!"

ಮೈಕಿಲ್ಲದೆ ಸಾವಿರ ಮಂದಿಗೆ ಕೇಳಿಸಿದ ಗಂಟಲು ಅದು. ಥೇಟರಿನ ಅರ್ಧ ಮಂದಿ ನಮ್ಮ ಕಡೆ ತಿರುಗಿದರು. ಕೆಲವರು ನಕ್ಕರು. ಅವ್ವ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಮಣಿಕಟ್ಟು ಹಿಡಿದು ಹಿಂಡಿದೆ. ಮುಂದಿನ ಸಾಲಿನ ಬಿಳಿ ಕೂದಲಿನ ಹೆಂಗಸು ತಿರುಗಿ ನೋಡಿದಳು. ಆಕೆ ಸಿಟ್ಟಾಗಿರಲಿಲ್ಲ, ಪಾಪ, ನಗುತ್ತಲೇ ಇದ್ದಳು. ಕೇಳದಿದ್ದರೂ ನಾನೇ ಮುಂದೆ ಬಗ್ಗಿ ಇಂಗ್ಲಿಷಿನಲ್ಲಿ ಹೇಳಿದೆ: ಕ್ಷಮಿಸಿ, ಥೇಟರಿಗೆ ಬಂದದ್ದು ಇವಳಿಗೆ ಇದೇ ಫಸ್ಟ್ ಟೈಮು.

ಥೇಟರು, ಫಸ್ಟ್ ಟೈಮು. ಈ ಎರಡು ಶಬ್ದ ತಿಳಿಯಲು ಇಂಗ್ಲಿಷ್ ಬರಬೇಕಾಗಿಲ್ಲ, ನಮ್ಮ ಕಡೆಯ ದನ ಕಾಯುವವರಿಗೂ ಗೊತ್ತು. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮಣಿಕಟ್ಟು ಬಿಡಿಸಿಕೊಂಡು ಸೆರಗು ಹೊದ್ದು ಕೂತಳು. ಉಳಿದ ಆಟದಲ್ಲಿ ಅವಳ ಬೆರಳು ಅಲ್ಲಾಡಲಿಲ್ಲ. ನಾನು ಉಳಿದ ಆಟ ನೋಡಲೇ ಇಲ್ಲ. ಅವಳ ಬಳೆಯೊತ್ತಿ ಕೆಂಪಾದ ಕೈಯನ್ನೇ ನೋಡುತ್ತಿದ್ದೆ.

ಹೊರಗೆ ಬಂದು ಕಾಫಿ ಕುಡಿಯುವಾಗ ಪಂಥ ಶುರುವಾಯಿತು. ಕಾಕು ದೀಪಾವಳಿಗೆ ಮುಗಿಯುತ್ತದೆ ಅಂದರು. ಸೀಟು ಬಹಳ ಖಾಲಿ ಇದ್ದವಂತೆ. ಇವರು ಕ್ರಿಸ್‌ಮಸ್ ಅಂದರು. ಹುಬ್ಬಳ್ಳಿಯವರು, "ಮೊದಲನೇ ಸ್ನೋ ಬಿತ್ತಂದ್ರ ಎರಡು ವಾರದಾಗ ಖಲಾಸ್. ಥಂಡ್ಯಾಗ ಯಾವಾಂವ ಹಾಡು ಕೇಳಾಕ ಬರ್ತಾನ?" ಅಂದರು. ಅವರ ಹೆಂಡತಿಯೂ ನಾನೂ ನಮ್ಮ ನಮ್ಮ ಗಂಡಂದಿರ ಪಕ್ಷ ಹಿಡಿದೆವು. ಆಮೇಲೆ ಕಾಕು ಅವ್ವನ ಕಡೆ ತಿರುಗಿದರು. "ಒನ್ಸ್ ಮೋರ್ ಕೂಗಿದವ್ರು ನೀವು. ನೀವೂ ಹೇಳ್ರಿ."

"ಯುಗಾದಿತನಕ ನಡೀತದರಿ" ಅಂದಳು ಅವ್ವ, ತಡ ಮಾಡದೆ.

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವ್ವನೂ ನಕ್ಕಳು, ಆದರೆ ಮಾತು ಬದಲಿಸಲಿಲ್ಲ.

ರಾತ್ರಿಯೂಟ ಮುಗಿಸಿ ಅವಳು ಮಲಗಲು ಹೋದಮೇಲೆ ಇವರು ನನ್ನನ್ನು ಕೇಳಿದರು. "ಹೇಳಿದ್ರ ಏನಾಗ್ತದ? ಕಾಕು ಏನ್ ನಮ್ಮನ್ನ ಜಾತಿಯಿಂದ ಹೊರಗ ಹಾಕ್ತಾರೇನು?"

"ನಿಮಗ ತಿಳಿಯೂದಿಲ್ಲ" ಎಂದೆ. ನಿಜವಾಗಿಯೂ ಅವರಿಗೆ ತಿಳಿಯುವಂಥದಲ್ಲ. ಮಾಸ್ತರರ ಮಗನಿಗೆ ಸಾಲಿಯಲ್ಲಿ ಯಾರೂ ಏನೂ ಅಂದಿರಲಿಲ್ಲ. ಆದರೆ ನನ್ನನ್ನು ಅಂದ ಹುಡುಗಿಯರು ಎಂದೋ ತಾಯಂದಿರಾಗಿ ಎಲ್ಲೆಲ್ಲೋ ಹೋಗಿರಬೇಕು. ಅವರಲ್ಲಿ ಒಬ್ಬರೂ ಮಿಸಿಸಾಗದಲ್ಲಿ ಇರಲಿಲ್ಲ. ಇದ್ದವಳು ನಾನೊಬ್ಬಳೇ. ಅವ್ವನನ್ನು ಕಂಪನಿಯಾಕಿ ಎಂದು ಕೀಳಾಗಿ ಕಾಣುವ ಕೆಲಸವನ್ನು ಅವರ ಪರವಾಗಿ ನಾನೇ ನಡೆಸಿಕೊಂಡು ಬಂದಿದ್ದೆ. ಇದು ಆ ದಿನವೇ ನನಗೆ ಹೊಳೆದಿತ್ತು. ಹೊಳೆದರೇನು, ಮಾರನೆಯ ದಿನ ಮುಖ ತೊಳೆದಾಗ ಅದೂ ತೊಳೆದು ಹೋಯಿತು.

ನಾಟಕ ನವೆಂಬರಿನಲ್ಲೇ ಮುಗಿಯಿತು. ಮೊದಲ ಸ್ನೋ ಬಿದ್ದು ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಹುಬ್ಬಳ್ಳಿಯವರನ್ನು ಹಿಡಿಯುವವರೇ ಇರಲಿಲ್ಲ. ಎಲ್ಲರಿಗಿಂತ ದೂರ ಬಾಣ ಬಿಟ್ಟವಳು ಅವ್ವ. ಅಡುಗೆ ಅವಳ ಪಾಲಿಗೆ ಬಂತು. ಅವಳಿಗೆ ಅದೇ ಬೇಕಾಗಿತ್ತು ಅನಿಸುತ್ತದೆ. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆಯಿಂದ ಅಡುಗೆಮನೆಗೆ ನನ್ನನ್ನು ಬಿಟ್ಟುಕೊಳ್ಳದೆ ಎಣ್ಣೆಗಾಯಿ, ಕಡಲೆಹಿಟ್ಟಿನ ಜುಣಕ, ಕಟ್ಟಿನ ಸಾರು, ಹೋಳಿಗೆ ಮಾಡಿದಳು. ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಏನಾದರೂ ದುರಸ್ತಿ ನಡೆದಿದೆಯೋ ಎಂದು ಬಂದು ವಿಚಾರಿಸಿ, ಎರಡು ಹೋಳಿಗೆ ತೆಗೆದುಕೊಂಡು ಹೋದರು.

ಊಟಕ್ಕೆ ಕೂತಾಗ ಎಲ್ಲರೂ ಅವಳನ್ನು ಕಾಡಿದರು. ಕಾಕು ಎರಡನೆಯ ಹೋಳಿಗೆ ಹಾಕಿಸಿಕೊಳ್ಳುತ್ತ ಕೇಳಿದರು. "ಅಲ್ರಿ, ಥೇಟರ್ ಅರ್ಧ ಖಾಲಿ ಇತ್ತು. ಕಣ್ಣಿದ್ದವ್ರಿಗೆ ಕಾಣ್ತಿತ್ತು. ನೀವು ಯುಗಾದಿ ಅಂತ ಹ್ಯಾಂಗ ಅಂದ್ರಿ?"

ಅವ್ವ ತುಪ್ಪದ ಬಟ್ಟಲು ಹಿಡಿದು ನಿಂತಿದ್ದಳು. ಹೊಟ್ಟೆ ತುಂಬ ಉಣ್ಣುವವರನ್ನು ಕಂಡು ಅವಳ ಮೈಮನಸ್ಸು ಸಡಿಲಾಗಿತ್ತು.

"ನನಗೂ ಕಂಡಿತ್ತರಿ. ಹಿಂದಿನ ಸಾಲು ತುಂಬಿರಲಿಲ್ಲ. ಹಿಂದಿನ ಸಾಲು ತುಂಬಲಿಲ್ಲಂದ್ರ ಕ್ಯಾಂಪ್ ಎತ್ತಾಕ ಬಂತು ಅಂತನ ಅರ್ಥ. ಆದ್ರ ನಾಟಕ ಬೀಳ್ತದ ಅಂತ ಬಾಯಿಂದ ಅನಬಾರದ್ರಿ. ಪಾತ್ರದವ್ರ ಅನ್ನ ಅದು. ಆ ಹಾಡ ಹೇಳಿದಾಕಿ ಮನ್ಯಾಗೂ ಒಂದು ಕೂಸು ಇರತದ. ಯಾರ ಕೇಳಿದ್ರೂ ಮುಂದಿನ ಹಬ್ಬದ ಹೆಸರ ಹೇಳಬೇಕು. ನಮ್ಮ..."

ಅಲ್ಲಿಗೆ ನಿಂತಳು. ನನ್ನ ಕಡೆ ನೋಡಿದಳು. ನಾನು ಎಲೆಯ ಮೇಲೆ, ಅಂದರೆ ಕಾಗದದ ತಟ್ಟೆಯ ಮೇಲೆ, ಕಣ್ಣಿಟ್ಟಿದ್ದೆ. ಆದರೂ ಅವಳು ನೋಡಿದ್ದು ನನಗೆ ಗೊತ್ತಾಯಿತು.

"ಇದೆಲ್ಲಾ ನಿಮಗ ಹ್ಯಾಂಗ ಗೊತ್ತು?" ಕಾಕು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯುವ ಆಸೆಯಿತ್ತು. ನಾನು ಈಗ ಹೇಳಿಬಿಡಬಹುದಿತ್ತು. ಒಂದೇ ವಾಕ್ಯ. ನನ್ನ ಅವ್ವ ಇಪ್ಪತ್ತು ವರ್ಷ ಬಣ್ಣ ಹಚ್ಚಿದ್ದಾಳೆ, ಆ ಬಣ್ಣದ ಅನ್ನ ಉಂಡೇ ನಾನು ಇಲ್ಲಿಗೆ ಬಂದೆ. ಇವರು ನನ್ನನ್ನೇ ನೋಡುತ್ತಿದ್ದರು.

"ನಮ್ಮ ಓಣ್ಯಾಗ ಒಬ್ಬಾಕಿ ಕಂಪನಿಯಾಕಿ ಇದ್ಲರಿ" ಅಂದಳು ಅವ್ವ. "ಆಕಿ ಹೇಳ್ತಿದ್ಲು."

"ಹೌದೇನು! ಅಂಥಾವ್ರ ಜೋಡಿ ನಿಮಗ ಮಾತುಕತಿ ಇತ್ತೇನ್ರಿ?"

"ನೀರಿಗೆ ಹೋದಾಗ ಸಿಗ್ತಿದ್ಲು. ಅಷ್ಟರಿ." ಅವ್ವ ಕಾಕುವಿನ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ದನಿ ಕಂಡವರ ಮನೆಯ ಸುದ್ದಿ ಹೇಳುವ ಹೆಂಗಸಿನ ಹಾಗೆಯೇ ಇತ್ತು. "ಮಂದಿ ಏನೇನರ ಅಂತಿದ್ರು. ಆದ್ರ ಪಾಪ, ಕೆಟ್ಟಾಕಿ ಇರಲಿಲ್ರಿ ಆಕಿ. ಮಗಳ ಸಾಲಿ ಸಲುವಾಗಿ ದುಡೀತಿದ್ಲು."

ಕಾಕು ತಲೆಯಾಡಿಸಿದರು. "ಹೊಟ್ಟೀಪಾಡು" ಅಂದರು. ಅವರ ದನಿ ಮೆತ್ತಗಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನಿಮ್ಮ ಓಣಿಯಾಕೀನೇ ಅಂದ್ರ ನೀನೂ ನೋಡಿರಬೇಕಲ್ಲ ಆಕಿನ್ನ?"

ಅವ್ವ ಬಟ್ಟಲು ಹಿಡಿದು ನನ್ನ ತಟ್ಟೆಯ ಹತ್ತಿರ ಬಂದು ನಿಂತಿದ್ದಳು.

"ಇಲ್ರಿ" ಎಂದೆ. "ನಾ ನೋಡಿಲ್ಲ."

ಅವ್ವ ನನ್ನ ಹೋಳಿಗೆಗೂ ತುಪ್ಪ ಹಾಕಿ ಮುಂದಿನವರ ಕಡೆ ಹೋದಳು.